ಕಡಲನ್ನು ಕೆಂಪಾಗಿಸಿದ ಕ್ರಿಯಾಪದ

ವಾರಕ್ಕೊಮ್ಮೆ ಸೇರಿ ನಾಟಕ ಓದುವ ನಮ್ಮ ಗುಂಪಿನಲ್ಲಿ ಈ ಸಲ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನ ಎರಡನೆಯ ಅಂಕ. ರಾಜ ಡಂಕನ್‌ನನ್ನು ಕೊಂದು ಬಂದವನ ಮಾತುಗಳು ನಮ್ಮಲ್ಲೇ ಕಿರಿಯಳಾದ ಹುಡುಗಿಯ ಪಾಲಿಗೆ ಬಂದಿದ್ದವು. ‘ಇನ್‌ಕಾರ್ನಡೈನ್’ ಎಂಬಲ್ಲಿ ಅವಳ ನಾಲಿಗೆ ತೊಡರಿತು. “ಅದನ್ನು ಬಿಟ್ಟು ಮುಂದೆ ಹೋಗಮ್ಮ, ಯಾರಿಗೂ ಅರ್ಥವಾಗದ ಕ್ರಿಯಾಪದ” ಎಂದರು ಪಕ್ಕದಲ್ಲಿದ್ದ ಹಿರಿಯರು. ಅವಳು ತಲೆಯೆತ್ತದೆ, “ಅರ್ಥವನ್ನು ಮುಂದಿನ ಸಾಲಿನಲ್ಲಿ ಅವನೇ ಹೇಳುತ್ತಾನಲ್ಲ, ಸರ್?” ಎಂದಳು.

ಹೌದಲ್ಲ! ಸಮುದ್ರದ ನೀರೆಲ್ಲ ಸುರಿದರೂ ಈ ಕೈಯ ನೆತ್ತರು ಹೋಗದು, ಈ ಕೈಯೇ ಕಡಲುಗಳನ್ನೆಲ್ಲ ಇನ್‌ಕಾರ್ನಡೈನ್ ಮಾಡೀತು ಎನ್ನುತ್ತಾನೆ ಮ್ಯಾಕ್‌ಬೆತ್. ಮರುಸಾಲಿನಲ್ಲಿ ಹಸಿರು, ಕೆಂಪು ಎಂಬ ಎಳೆಯರ ಮಾತು: ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಅವನ ನಾಟಕಗಳ ಮೊದಲ ಸಂಗ್ರಹವಾದ 1623ರ ‘ಮೊದಲ ಫೋಲಿಯೊ’ದಲ್ಲಿ ಅಲ್ಲಿ ‘ಒನ್’ ಆದ ಮೇಲೊಂದು ಅಲ್ಪವಿರಾಮವಿದೆ: ಹಸಿರಾದದ್ದು ಕೆಂಪಾಯಿತು, ಅಷ್ಟೇ. ಅದನ್ನು ತೆಗೆದು ಓದಿದರೆ ಹಸಿರೆಲ್ಲ ಒಂದೇ ಕೆಂಪು. ನನಗೆ ಎರಡನೆಯದೇ ಇಷ್ಟ.

ಪದದ ಬೇರು ಲ್ಯಾಟಿನ್ನಿನ ಮಾಂಸ. ಇಂಗ್ಲಿಷಿಗೆ ಬಂದಾಗ ಅದು ಮೈಬಣ್ಣದ ನಸುಗೆಂಪನ್ನು ಹೇಳುವ ಸಾಧು ಗುಣವಾಚಕ. ಶೇಕ್ಸ್‌ಪಿಯರ್ ಅದನ್ನು ಕ್ರಿಯಾಪದವಾಗಿಸಿ ರಕ್ತದಲ್ಲಿ ಅದ್ದಿದ. 1859ರಲ್ಲಿ ಪಾರಸಿ ಕವಿ ಉಮರ್ ಖಯ್ಯಾಮನ ರುಬಾಯಿಗಳನ್ನು ಇಂಗ್ಲಿಷಿಗೆ ತಂದ ಫಿಟ್ಜ್‌ಜೆರಾಲ್ಡ್, ಗುಲಾಬಿಯ ಹಳದಿ ಕೆನ್ನೆಗೆ ದ್ರಾಕ್ಷಾರಸದ ಕೆಂಪು ಏರಿಸಲು ಇದೇ ಕ್ರಿಯಾಪದವನ್ನು ಕರೆದ. ಅಲೆದಾಡಿ ಕೊನೆಗೆ ಕೆನ್ನೆಗೇ ಮರಳಿತು.

ಆದರೆ ಹುಡುಗಿಯ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅವನು ಅರ್ಥ ಹೇಳುತ್ತಿರುವುದು ಯಾರಿಗೆ? ಹೆಂಡತಿ ಕಠಾರಿಗಳನ್ನು ಇಟ್ಟು ಬರಲು ಒಳಗೆ ಹೋಗಿದ್ದಾಳೆ, ರಂಗದ ಮೇಲೆ ಅವನೊಬ್ಬನೇ. ದೊಡ್ಡ ಮಾತಿನ ಮರೆಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ ತನಗೆ ತಾನೇ ಬಿಡಿಸಿ ಹೇಳಿಕೊಳ್ಳುತ್ತಾನೆ. ಅಧಿಕಾರದಲ್ಲಿರುವವರು ‘ಪ್ರಾಣಹಾನಿ ಸಂಭವಿಸಿದೆ’ ಎಂಬಲ್ಲಿಗೇ ನಿಲ್ಲಿಸುತ್ತಾರೆ; ‘ಕೊಂದೆವು’ ಎಂಬ ಮರುಸಾಲು ಅವರ ಪ್ರಕಟಣೆಯಲ್ಲಿ ಇರುವುದೇ ಇಲ್ಲ. ಈ ಕೊಲೆಗಾರ ಅಷ್ಟರಮಟ್ಟಿಗೆ ಪ್ರಾಮಾಣಿಕ.

ನಮ್ಮ ಹಿರಿಯರು ಕೆಟ್ಟವರಲ್ಲ. ತೊಡಕಾದದ್ದೆಲ್ಲ ಅನಾವಶ್ಯಕ ಎಂಬ ನಂಬಿಕೆ ಒಂದೇ ಅವರ ದೋಷ. ಮುಂದೆ ಲೇಡಿ ಮ್ಯಾಕ್‌ಬೆತ್‌ಳ ಮಾತು ಅವರದು. ಸ್ವಲ್ಪ ನೀರಿದ್ದರೆ ಸಾಕು, ಮಾಡಿದ್ದು ತೊಳೆದುಹೋಗುತ್ತದೆ ಎಂಬ ಸಾಲನ್ನು ಸಲೀಸಾಗಿ ಓದಿ, “ನೋಡಿ, ಇದು ಭಾಷೆ!” ಎಂದು ಮೆಚ್ಚಿಕೊಂಡರು. ಐದನೆಯ ಅಂಕದಲ್ಲಿ ಆಕೆ ನಿದ್ದೆಗಣ್ಣಿನಲ್ಲಿ ಕೈ ಉಜ್ಜಿ ಉಜ್ಜಿ ತೊಳೆಯುವ ಭಾಗವನ್ನೂ ಅವರಿಂದಲೇ ಓದಿಸಬೇಕೆಂದು ಈಗಲೇ ಹೇಳಿಟ್ಟಿದ್ದೇನೆ.