ಗೈಡ್ ಎಷ್ಟು ಬೇಕಾದರೂ ಸಿಗುತ್ತೆ, ಸಿಮಾಕ್ ಸಿಗಲ್ಲ

ಕಲಬುರಗಿಯಲ್ಲಿ ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕ ಕ್ಲಿಫರ್ಡ್ ಸಿಮಾಕ್ ಪುಸ್ತಕ ಇದೆಯಾ ಅಂತ ಕೇಳಿ ನೋಡಿ. ‘ಯಾವ ಸೆಮ್ ರೀ?’ ಅನ್ನುತ್ತಾರೆ. ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳ ತುಂಬ ಕೆಎಎಸ್, ಪಿಡಿಒ, ನೀಟ್ ಗೈಡುಗಳೇ. ಅವರನ್ನು ಬೈಯುವಂತಿಲ್ಲ, ಬಾಡಿಗೆ ಕಟ್ಟುವುದು ಅವುಗಳಿಂದಲೇ.

ಸೈನ್ಸ್ ಫಿಕ್ಷನ್ನಿನ ದೊಡ್ಡ ಹೆಸರುಗಳಾದ ಅಸಿಮೋವ್, ಕ್ಲಾರ್ಕ್ ಆರ್ಡರ್ ಮಾಡಿದರೆ ಬರುತ್ತಾರೆ. ಇನ್ನೂ ಹಳಬನಾದ ಎಚ್.ಜಿ. ವೆಲ್ಸ್ ತೀರಿಕೊಂಡಿದ್ದು 1946ರಲ್ಲಿ. ನಮ್ಮಲ್ಲಿ ಲೇಖಕರು ಹೋದ 60 ವರ್ಷಕ್ಕೆ ಕಾಪಿರೈಟ್ ಮುಗಿಯುತ್ತೆ, ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು. ಪೇಚಾಟವೆಲ್ಲ ನಡುವಿನವರದ್ದು: ಅಷ್ಟು ಹೆಸರೂ ಇಲ್ಲ, ಕಾಪಿರೈಟೂ ಮುಗಿದಿಲ್ಲ. ಸಿಮಾಕ್ ಹೋಗಿದ್ದು 1988ರಲ್ಲಿ. ಅಂದರೆ 2048 ಮುಗಿಯಬೇಕು! ನನಗೆ ಬೇಕಿರುವುದು ಅವನ ‘ಸಿಟಿ’, 1952ರದ್ದು. ಮನುಷ್ಯರೆಲ್ಲ ಹೋದಮೇಲೆ ನಾಯಿಗಳು ಬೆಂಕಿ ಮುಂದೆ ಕೂತು ಹಳೇ ಕಥೆ ಹೇಳಿಕೊಳ್ಳುತ್ತವೆ. ಮನುಷ್ಯ ಅನ್ನೋ ಪ್ರಾಣಿ ನಿಜವಾಗಿ ಇತ್ತಾ ಅನ್ನೋದೇ ಅವುಗಳಿಗೆ ಅನುಮಾನ. ಮೊಬೈಲಲ್ಲಿ ಓದು ಅಂತೀರಿ, ಗೊತ್ತು. ಬೇಡ.

ಉಳಿದಿದ್ದು ರದ್ದಿ ಅಂಗಡಿ. ನಮ್ಮ ಓಣಿಯ ಚಾಚಾ ಇಂಗ್ಲಿಷ್ ಪುಸ್ತಕ ಬಂದರೆ ನನಗಾಗಿ ಎತ್ತಿಡುತ್ತಾರೆ. ‘ಇವನ್ನ ಯಾರೂ ಒಯ್ಯಂಗಿಲ್ರೀ ಸರ್, ನೀವೊಬ್ರೇ,’ ಅಂತ ತೂಕ ಮಾಡಿಯೇ ಕೊಡುತ್ತಾರೆ. ಆದರೆ ಹಳೇ ಪೇಪರ್‌ಬ್ಯಾಕಿಗೆ ನಮ್ಮೂರಿನ ಬಿಸಿಲು ಆಗಿಬರಲ್ಲ. ಬೆನ್ನಿನ ಅಂಟು ಒಣಗಿ ಹಪ್ಪಳದ ಹಾಗೆ ಪಟ್ ಅನ್ನುತ್ತೆ. ತೆರೆದ ಕಡೆಯೇ ಎರಡು ಭಾಗ, ಹಾಳೆಗಳು ಕೈಗೆ. ಅಂಚು ಕಂದು, ಮುಟ್ಟಿದರೆ ಪುಡಿ. ಎಷ್ಟೋ ಸಲ ಕೊನೆಯ ಪುಟಗಳೇ ಇರಲ್ಲ.

ಇದಕ್ಕೆ ಹೋಲಿಸಿದರೆ ಮಾಸ್ಕೋದ ಪುಸ್ತಕಗಳು ಗಟ್ಟಿ. ದಾರದಲ್ಲಿ ಹೊಲಿದ, ರಟ್ಟಿನ ಬೈಂಡಿಂಗು. ನಾನು ಹುಡುಗನಾಗಿದ್ದಾಗ ನವಕರ್ನಾಟಕದವರು ಇವನ್ನು ತರಿಸುತ್ತಿದ್ದರು. ಬೆಲೆಯೋ, ಬರೀ ನೋಟ್‌ಬುಕ್ಕಿನಷ್ಟು. 1991ರಲ್ಲಿ ಸೋವಿಯತ್ ದೇಶವೇ ಹೋಯಿತು, ಪುಸ್ತಕ ಬರುವುದೂ ನಿಂತಿತು. ರಷ್ಯನ್ ಸೈನ್ಸ್ ಫಿಕ್ಷನ್ ಲೇಖಕ ಬೆಲ್ಯಾಯೆವ್‌ನ ‘ಆಂಫಿಬಿಯನ್’ ಇಂಗ್ಲಿಷ್ ಪ್ರತಿಯನ್ನು ಹಾಗೆ ಓದಿದ್ದೆ. ಯಾರೋ ಒಯ್ದವರು ವಾಪಸ್ ಕೊಡಲಿಲ್ಲ. ಸಿಟ್ಟು ಈಗಲೂ ಇದೆ.

ಬೆಲ್ಯಾಯೆವ್ ತೀರಿಕೊಂಡಿದ್ದು 1942ರಲ್ಲಿ, ಹಾಗಾಗಿ ಅವನ ರಷ್ಯನ್ ಮೂಲಕ್ಕೆ ನಮ್ಮಲ್ಲಿ ಕಾಪಿರೈಟ್ ತೊಡಕಿಲ್ಲ. ಇಂಗ್ಲಿಷ್ ಅನುವಾದದ ಹಕ್ಕೇ ಬೇರೆ, ಅದು ಅನುವಾದಕರು ಹೋದಮೇಲಿನ ಲೆಕ್ಕ. ಹಳೇ ಪುಸ್ತಕ ಮತ್ತೆ ಅಚ್ಚು ಹಾಕೋಣ ಅಂದವರು ಇಲ್ಲೇ ಕೈಬಿಡುತ್ತಾರೆ, ಹಕ್ಕು ಯಾರ ಹತ್ತಿರ ಅಂತ ಹುಡುಕುತ್ತ ಕೂರುವವರು ಯಾರು? ನನ್ನ ಪ್ರಕಾರ ಸುಲಭದ ದಾರಿ ರಷ್ಯನ್‌ನಿಂದ ನೇರ ಕನ್ನಡಕ್ಕೆ ತರುವುದು.

ಪಕ್ಕದ ಮನೆ ಹುಡುಗ ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ರಜೆಗೆ ಬಂದಾಗ ಹಿಡಿದು ಕೂರಿಸಿ ‘ಆಂಫಿಬಿಯನ್’ ಕಥೆ ಹೇಳಿದೆ: ಡಾಕ್ಟರೊಬ್ಬ ಹುಡುಗನಿಗೆ ಶಾರ್ಕಿನ ಕಿವಿರು ಜೋಡಿಸುತ್ತಾನೆ, ಅವನು ಸಮುದ್ರದೊಳಗೂ ಉಸಿರಾಡುತ್ತಾನೆ, ನೀನು ಒಂದೊಂದೇ ಅಧ್ಯಾಯ ಕನ್ನಡ ಮಾಡಿ ಕಳಿಸು ಅಂತ.

‘ಆ ಆಪರೇಷನ್ ನಮ್ ಸಿಲೆಬಸ್ಸಿನಾಗ ಇಲ್ರೀ ಕಾಕಾ,’ ಅಂದ.