ಅಡಿಕೆ ಹೆಸರಿನ ದ್ವೀಪದಲ್ಲಿ 26 ದಿನ

ಮಲೇಷ್ಯಾದ ಪಿನಾಂಗ್ ರಾಜ್ಯದ ಬಾವುಟದ ನಡುವೆ ಒಂದು ಅಡಿಕೆ ಮರ ಇದೆ. ವಿಮಾನ ಇಳಿದು ಜಾರ್ಜ್‌ಟೌನ್ ಪೇಟೆಗೆ ಹೋಗುವಾಗ ಯಾವುದೋ ಕಚೇರಿಯ ಮುಂದೆ ಅದು ಹಾರುತ್ತಿತ್ತು. ಕಾರಿನ ಕಿಟಕಿಯಿಂದ ಮೊದಲು ಕಂಡದ್ದು ನಮ್ಮನೆಯವರಿಗೆ. "ತೆಂಗಲ್ಲ ಮಾರಾಯ್ತಿ, ಅಡಿಕೆ ಮರ ಅದು!" ಅಂತ ನನ್ನ ಕೈ ಹಿಡಿದು ಎಳೆದರು. ಪಿನಾಂಗ್ ಅಂದರೆ ಮಲಯ ಭಾಷೆಯಲ್ಲಿ ಅಡಿಕೆ, ಪುಲಾವ್ ಪಿನಾಂಗ್ ಅಂದರೆ ಅಡಿಕೆ ದ್ವೀಪ. ಇದನ್ನು ಮಗಳು ಮೊದಲೇ ಹೇಳಿದ್ದಳು. ಸಿಂಗಾಪುರ, ದುಬೈ ಎಂದಾಗೆಲ್ಲ ತಲೆ ಅಲ್ಲಾಡಿಸಿದ ಇವರು ಈ ಒಂದು ಮಾತಿಗೆ ಹೂಂ ಅಂದಿದ್ದರು.

ತೀರ್ಥಹಳ್ಳಿಯಿಂದ ಒಳಗೆ, ತುಂಗೆಯಿಂದ ಸ್ವಲ್ಪವೇ ದೂರದಲ್ಲಿ ನಮ್ಮ ಮೂರೂವರೆ ಎಕರೆ ಅಡಿಕೆ ತೋಟ. ಮದುವೆಯಾಗಿ 33 ವರ್ಷ ಆಗುತ್ತಾ ಬಂದಿದ್ದರೂ ಇಬ್ಬರೂ ಒಟ್ಟಿಗೆ ಮೂರು ರಾತ್ರಿಗಿಂತ ಹೆಚ್ಚು ಮನೆ ಬಿಟ್ಟವರಲ್ಲ. ದೀಪಾವಳಿ ಕಳೆದರೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಸುಲಿಯುವವರಿಗೆ ಊಟ, ಕಾಫಿ, ಹಂಡೆಗೆ ಬೆಂಕಿ, ಅಡಿಕೆ ಬೇಯಿಸಿದ ನೀರಿನ ಚೊಗರು, ಅಂಗಳದ ತುಂಬ ಒಣಗುವ ಅಡಿಕೆ. ಫೆಬ್ರವರಿ ಮುಗಿಯುವ ತನಕ ನನಗೆ ಕೂರಲು ಹೊತ್ತಿಲ್ಲ, ಅವರಿಗೆ ಮಲಗಲು ಹೊತ್ತಿಲ್ಲ. ಆದರೆ ಎಲೆಚುಕ್ಕೆ ರೋಗ ಬಂದ ಮೇಲೆ ಇವರು ಸೋತುಹೋಗಿದ್ದರು. ಬೆಳಿಗ್ಗೆ ತೋಟಕ್ಕೆ ಹೋದವರು ತಿರುಗಿ ಬಂದು ಏನೂ ಮಾತಾಡದೆ ತಿಂಡಿ ತಿನ್ನುತ್ತಿದ್ದರು. ಆ ವರ್ಷ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟೆವು. ಉಳಿದಿದ್ದ ಒಂದು ದನವನ್ನು ಮೈದುನನ ಕೊಟ್ಟಿಗೆಗೆ ಹೊಡೆದೆವು. 2023ರ ಡಿಸೆಂಬರಿನಿಂದ ನಮ್ಮ ದೇಶದವರಿಗೆ ಮಲೇಷ್ಯಾದಲ್ಲಿ 30 ದಿನದ ತನಕ ವೀಸಾ ಬೇಡ. 2025ರ ಫೆಬ್ರವರಿ ಮೊದಲ ವಾರ ಹೊರಟೆವು.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನನಗೆ ಮನೆಯಲ್ಲಿ ಐದಕ್ಕೆ ಎಚ್ಚರ. ಅಲ್ಲೂ ಅದೇ ಹೊತ್ತಿಗೆ ಎಚ್ಚರವಾಗಿ ನೋಡಿದರೆ ಗಂಟೆ ಏಳೂವರೆ, ಆಗಷ್ಟೇ ಬೆಳಕು ಹರಿಯುತ್ತಿತ್ತು. ಒಲೆ ಹಚ್ಚಬೇಕಿಲ್ಲ, ಹಾಲು ಕರೆಯಬೇಕಿಲ್ಲ. ಮೊದಲ ಎರಡು ದಿನ ಏನು ಮಾಡಬೇಕೆಂದು ತೋಚದೆ ಅದೇ ಕೋಣೆಯನ್ನು ಎರಡು ಸಲ ಗುಡಿಸಿದೆ. ಮೂರನೇ ದಿನ ಫ್ಯಾನಿನ ಕೆಳಗೆ ಸುಮ್ಮನೆ ಮಲಗಿ ಬೀದಿಯ ಸದ್ದು ಕೇಳಿದೆ. ಊರಲ್ಲಿ ಆ ಹೊತ್ತಿಗೆ ಸ್ವೆಟರ್ ಇಲ್ಲದೆ ಹೊರಗೆ ಬರಲು ಆಗದ ಚಳಿ. ಇಲ್ಲಿ ರಾತ್ರಿಯೂ ಹೊದಿಕೆ ಬೇಡದ ಸೆಕೆ. ಚಳಿಗೆ ಹಿಡಿದುಕೊಳ್ಳುವ ಇವರ ಮೊಣಕಾಲು ನಾಲ್ಕೇ ದಿನದಲ್ಲಿ ಸಡಿಲವಾಯಿತು.

ನಾವು ಇದ್ದದ್ದು ಹಳೇ ಪೇಟೆಯಲ್ಲಿ, ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡದ ಮಹಡಿಯಲ್ಲಿ. ಇಂಥ ಮನೆಗಳ ಸಾಲುಸಾಲೇ ಇರುವ ಆ ಪೇಟೆಗೆ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿದೆ. ನನ್ನ ಮನಸ್ಸಿಗೆ ಹಿಡಿದದ್ದು ಅವುಗಳ ಮುಂದಿನ ನೆರಳು. ಪ್ರತಿ ಅಂಗಡಿಯೂ ಬೀದಿಯ ಕಡೆಗೆ ಒಂದು ಮಾಡು ಇಳಿಸಿ, ಅದರ ಕೆಳಗೆ ನಡೆಯುವವರಿಗೆ ಜಾಗ ಬಿಟ್ಟಿರುತ್ತದೆ. ಐದಡಿ ದಾರಿ ಅನ್ನುತ್ತಾರೆ. ಬಿಸಿಲು, ಮಳೆ ಎರಡೂ ತಾಗದೆ ಬೀದಿ ದಾಟಬಹುದು. ನಮ್ಮ ಜಗಲಿಯನ್ನು ಒಂದಕ್ಕೊಂದು ಜೋಡಿಸಿ ಊರಿಗೆಲ್ಲ ಕೊಟ್ಟ ಹಾಗಿತ್ತು. ಸಂಜೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು.

ಮನೆಯ ಯಜಮಾನಿ ಎಪ್ಪತ್ತು ದಾಟಿದ ಚೀನೀ ಅಜ್ಜಿ. ನಾನು ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಡಬ್ಬಿ ಹೊತ್ತುಕೊಂಡು ಹೋಗಿದ್ದೆ. ಎಲೆಯ ತುದಿಯಷ್ಟು ಬಾಯಿಗಿಟ್ಟು ಅವರು ಕಣ್ಣು ಮುಚ್ಚಿಕೊಂಡರು. ಮರುದಿನ ಒಂದು ಭರಣಿ ಹಿಡಿದು ಬಂದರು. ಸಕ್ಕರೆ ಪಾಕದಲ್ಲಿ ತೆಳುವಾಗಿ ಹೆಚ್ಚಿದ ಏನೋ ಹೋಳು, ಮೂಸಿದರೆ ಜಾಯಿಕಾಯಿ! ಬೀಜವಲ್ಲ, ಜಾಪತ್ರೆಯೂ ಅಲ್ಲ, ಹೊರಗಿನ ದಪ್ಪ ಸಿಪ್ಪೆ. ಈಸ್ಟ್ ಇಂಡಿಯಾ ಕಂಪನಿಯವರು ಸುಮಾರು 200 ವರ್ಷದ ಹಿಂದೆ ಮಲುಕು ದ್ವೀಪಗಳಿಂದ ತಂದು ನೆಟ್ಟ ಜಾಯಿಕಾಯಿ ಈಗ ಆ ದ್ವೀಪದ ಗುರುತು. ಸಿಪ್ಪೆಯ ಶರಬತ್ತು ಸಿಗದ ಹೋಟೆಲಿಲ್ಲ. ನಮ್ಮ ತೋಟದಲ್ಲೂ ಅಡಿಕೆಯ ಮಧ್ಯೆ ಹನ್ನೆರಡು ಜಾಯಿಕಾಯಿ ಮರ ಇವೆ. ಇಷ್ಟು ವರ್ಷ ಬೀಜ ಮತ್ತು ಪತ್ರೆ ತೆಗೆದುಕೊಂಡು ಸಿಪ್ಪೆಯನ್ನು ಬುಡಕ್ಕೆ ಎಸೆದಿದ್ದೇವೆ.

ಬೆಳಗಿನ ತಿಂಡಿಗೆ ಲಿಟಲ್ ಇಂಡಿಯಾ. ಕೆಲವು ದಿನ ಬೈಕಿನಲ್ಲಿ ಹಾರನ್ ಒತ್ತುತ್ತಾ ಪುಟ್ಟುಮಾಯಂ ಮಾರುವವರು ಬರುತ್ತಿದ್ದರು. ನಮ್ಮ ಒತ್ತು ಶ್ಯಾವಿಗೆಯೇ, ಮೇಲೆ ಕಾಯಿತುರಿ, ಬೆಲ್ಲ. ಕಾಫಿ ಮಾತ್ರ ನನಗೆ ಒಗ್ಗಲಿಲ್ಲ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿದು, ಗಟ್ಟಿ ಸಿಹಿ ಹಾಲು ಬೆರೆಸುತ್ತಾರೆ. ಇವರು ಹಾಲಿಲ್ಲದ್ದನ್ನು ಕೇಳಿ ಪಡೆದು ಇಷ್ಟಪಟ್ಟು ಕುಡಿದರು.

ಟೀ ಅಂಗಡಿಯ ತಮಿಳರೊಬ್ಬರು ದಿನಕ್ಕೊಂದು ಮಲಯ ಪದ ಕಲಿಸುತ್ತಿದ್ದರು. ಬಹಾಸ ಅಂದರೆ ಭಾಷೆ. ಬೂಮಿ ಅಂದರೆ ಭೂಮಿ. ಉಪವಾಸಕ್ಕೆ ಪುಆಸ. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತೆರಿ. ನಮ್ಮ ಸ್ವಾಮಿ, ಸ್ತ್ರೀಗಳೇ ಹಡಗು ಹತ್ತಿ ಹೋಗಿ ಅಲ್ಲಿ ಸಂಸಾರ ಹೂಡಿದಂತೆ ಕೇಳಿಸಿತು. ನನ್ನನ್ನು "ಏ", "ಕೇಳ್ತಾ", "ಮಾರಾಯ್ತಿ" ಎಂದಷ್ಟೇ ಕರೆದು ಅಭ್ಯಾಸವಿದ್ದ ಇವರು ಅವತ್ತಿನಿಂದ "ಇಸ್ತೆರೀ" ಅನ್ನಲು ಶುರುಮಾಡಿದರು. ನಾನೂ "ಎಂತ ಸುಆಮಿ?" ಅನ್ನುತ್ತಿದ್ದೆ.

ನಾವು ಹೋದ ವಾರದಲ್ಲೇ ತಮಿಳರ ಮುರುಗನ ಹಬ್ಬ ತೈಪೂಸಂ ಬಂತು. ಬೆಳ್ಳಿ ರಥ ಬರುವ ದಾರಿಯುದ್ದಕ್ಕೂ ಈಡುಗಾಯಿಗೆಂದು ರಾಶಿ ಹಾಕಿದ್ದ ತೆಂಗಿನಕಾಯಿ ನೋಡಿ ನನಗೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೇರು, ರಾಮೇಶ್ವರನ ಗುಡಿ ಮುಂದಿನ ನೂಕುನುಗ್ಗಲು ನೆನಪಾಗಿ ಗಂಟಲು ಕಟ್ಟಿತು. ಚೀನೀಯರೂ ಕಾಯಿ ಒಡೆದು ಕೈ ಮುಗಿಯುತ್ತಿದ್ದರು. ಪಿನಾಂಗ್ ಬೆಟ್ಟಕ್ಕೂ ಒಮ್ಮೆ ಹೋದೆವು. 1923ರಲ್ಲಿ ಶುರುವಾದ, ಹಗ್ಗ ಎಳೆಯುವ ರೈಲು. ಮೇಲೆ ತಣ್ಣಗಿತ್ತು, ಮಂಜಿತ್ತು. "ಆಗುಂಬೆಗೆ ಬಂದ ಹಾಗಾಯ್ತು" ಅಂದರು ಇವರು. ಒಂದು ಗಂಟೆಯಲ್ಲಿ ಇಳಿದುಬಿಟ್ಟೆವು. ಮಂಜು ನಮ್ಮಲ್ಲೇ ಬೇಕಾದಷ್ಟಿದೆ.

ಮೊದಲ ವಾರ ಇವರು ದಿನಕ್ಕೆ ಮೂರು ಸಲ ಮೈದುನನಿಗೆ ಫೋನ್ ಮಾಡುತ್ತಿದ್ದರು. "ಸ್ಪ್ರಿಂಕ್ಲರ್ ಹಾಕಿದ್ಯನಾ? ಮೇಲಿನ ಪಟ್ಟಿಗೆ?" ಎರಡನೇ ವಾರ ಒಂದು ಸಲಕ್ಕಿಳಿಯಿತು. ಆದರೂ ಅವರಿಗೆ ಒಂದು ಕೊರಗು ಉಳಿದಿತ್ತು. ಅಡಿಕೆ ದ್ವೀಪದಲ್ಲಿ ಅಡಿಕೆ ಎಲ್ಲಿ? ಪೇಟೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಹದಿನೇಳನೇ ದಿನ ಬಸ್ಸು ಹತ್ತಿ ಬಾಲಿಕ್ ಪುಲಾವ್ ಕಡೆಗೆ ಹೋದೆವು. ದ್ವೀಪದ ಬೆನ್ನು ಅಂತ ಆ ಹೆಸರಿನ ಅರ್ಥ. ಗುಡ್ಡ ದಾಟಿದ ಮೇಲೆ ಗದ್ದೆ, ಡೂರಿಯನ್ ತೋಟ, ಜಾಯಿಕಾಯಿ ಮರ. ಸುಮ್ಮನೆ ನಡೆಯುತ್ತಿದ್ದಾಗ ಕಂಬದ ಮೇಲೆ ನಿಂತ ಒಂದು ಮರದ ಮನೆ, ಅದರ ಹಿಂದೆ ಆರು ಅಡಿಕೆ ಮರ ಕಂಡವು. ಇವರು ನಿಂತುಬಿಟ್ಟರು. ಕೊನೆ ನೋಡಲಿಲ್ಲ, ಕಾಂಡ ನೋಡಲಿಲ್ಲ, ಮೊದಲು ನೋಡಿದ್ದು ಸೋಗೆ, ಅಡಿಕೆಯ ಗರಿ. ಚುಕ್ಕೆ ಇರಲಿಲ್ಲ. ಹಸಿರಾದ, ಗಾಳಿಗೆ ಹೊಳೆಯುವ ಸೋಗೆ. ಒಂದರಲ್ಲಿ ಹಿಂಗಾರ ಬಿಚ್ಚಿತ್ತು. ಬೇಲಿ ಹಿಡಿದುಕೊಂಡು ಅವರು ಬಹಳ ಹೊತ್ತು ಮೇಲೆ ನೋಡುತ್ತಲೇ ಇದ್ದರು.

ಮನೆಯೊಳಗಿಂದ ಅಜ್ಜಿಯೊಬ್ಬರು, ಹಿಂದೆ ಕಾಲೇಜಿಗೆ ಹೋಗುವ ಮೊಮ್ಮಗಳು ಬಂದರು. ನಮ್ಮದೂ ಅಡಿಕೆ ತೋಟ ಅಂತ ಮೊಮ್ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಿರುಗಿಸಿ ಹೇಳುತ್ತಿದ್ದಂತೆ ಅಜ್ಜಿ ಮೆಟ್ಟಿಲ ಮೇಲೆ ಕೂರಿಸಿ ಹಿತ್ತಾಳೆಯ ಪೆಟ್ಟಿಗೆ ತಂದರು. ಬೇರೆಬೇರೆ ಬಟ್ಟಲಲ್ಲಿ ಸಿರೆಹ್ ಎನ್ನುವ ವೀಳ್ಯದೆಲೆ, ಕಾಪುರ್ ಎನ್ನುವ ಸುಣ್ಣ, ಪಿನಾಂಗ್. ಕೊನೆಗೆ ಕಚಿಪ್, ಅಂದರೆ ಅಡಕತ್ತಿ, ನನ್ನ ಅತ್ತೆಯ ಅಡಕತ್ತಿಯ ತಂಗಿಯಂತಿತ್ತು. ಅಂಗಳದಲ್ಲಿ ಹಣ್ಣಾಗಿ ಉದುರಿದ್ದ ಒಂದು ಗೋಟು ಅಡಿಕೆಯನ್ನು ಇವರು ಎತ್ತಿಕೊಂಡು ಕತ್ತಿ ಕೇಳಿದರು. ಮೂರೇ ಏಟಿಗೆ ಸಿಪ್ಪೆ ಬಿಡಿಸಿ, ಹೋಳು ಮಾಡಿ ಅಜ್ಜಿಯ ಅಂಗೈ ಮೇಲಿಟ್ಟರು. ಅಜ್ಜಿ ನಕ್ಕು ಏನೋ ಹೇಳಿದರು. "ಇಷ್ಟು ಚೆನ್ನಾಗಿ ಸುಲಿಯುವವರಿಗೆ ಹೆಣ್ಣು ಸಿಗದೆ ಇರುತ್ತದಾ ಅಂತಿದಾರೆ" ಎಂದಳು ಹುಡುಗಿ. ಹೆಣ್ಣು ಕೇಳಲು ಹೋಗುವುದಕ್ಕೆ ಅವರಲ್ಲಿ ಮೆಮಿನಾಂಗ್ ಅನ್ನುತ್ತಾರಂತೆ. ಆ ಮಾತಿನೊಳಗೆ ಇರುವುದೂ ಅಡಿಕೆಯೇ. ಗಂಡಿನ ಕಡೆಯವರು ಇಂಥದೇ ಪೆಟ್ಟಿಗೆ ಹಿಡಿದು ಬರುತ್ತಾರಂತೆ.

1992ರಲ್ಲಿ ನಮ್ಮಪ್ಪನ ಮನೆಯ ಜಗಲಿಯಲ್ಲಿ ಎಲೆ ಅಡಿಕೆ ಬದಲಾಯಿಸಿದಾಗ ಮಾವ ತಂದದ್ದು ನಮ್ಮ ಇದೇ ತೋಟದ ಅಡಿಕೆ. ಹರಿವಾಣದಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಆಮೇಲೆ ಇಷ್ಟು ವರ್ಷ ಅದು ನಮಗೆ ಕ್ವಿಂಟಾಲು, ಮಂಡಿಯ ದರ, ಕೊಳೆ ರೋಗ, ಔಷಧಿ ಹೊಡೆಯುವವನ ಕೂಲಿ ಆಗಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಇವರು ಹೇಳಿದರು, "ಆರೇ ಮರ. ಮಾರಕ್ಕಲ್ಲ, ಮನೆಗೆ ಅಂತ ಇಟ್ಕಂಡಿದಾರೆ, ನೋಡಿದ್ಯಾ?" ಆಮೇಲೆ ಪೇಟೆ ಬರುವ ತನಕ ನನ್ನ ಕೈ ಬಿಡಲಿಲ್ಲ.

ಊರಿಗೆ ಬಂದ ಮೇಲೆ ರೋಗ ಮಾಯವಾಗಿರಲಿಲ್ಲ. ಔಷಧಿ ಹೊಡೆಸಿದೆವು, ಸೋಗೆ ಕಡಿದು ಸುಟ್ಟೆವು. ಆದರೆ ಮನೆ ಹಿಂದೆ, ಬಾವಿಯ ಪಕ್ಕ, ಇವರು ಐದು ಸಸಿ ಬೇರೆಯಾಗಿ ನೆಟ್ಟಿದ್ದಾರೆ. ಅದರ ಲೆಕ್ಕ ತೋಟದ ಪುಸ್ತಕದಲ್ಲಿಲ್ಲ.

ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟದಿಂದ ಬಂದರು. ಅಡಿಕೆ ಹಾಳೆಯ ತುಂಬ ಬಿರಿದ ಜಾಯಿಕಾಯಿ, ಸಿಪ್ಪೆ ಸಮೇತ. ಅಡುಗೆಮನೆಯ ಕಟ್ಟೆ ಮೇಲೆ ಸುರಿದು, ಒದ್ದೆ ಕೈಯಲ್ಲೇ ಒಂದನ್ನೆತ್ತಿ ಮೂಸಿ ಕೇಳಿದರು: "ಇಸ್ತೆರೀ, ಸಕ್ಕರೆ ಎಷ್ಟು ಅಂದಿದ್ರು ಆ ಅಜ್ಜಿ?"