ಒಂದು ಬಟ್ಟಲು, ಮೂರು ಚಮಚ

2024ರ ಆಗಸ್ಟ್ ತಿಂಗಳಿನಲ್ಲಿ ನಾನು ಅಮ್ಮನನ್ನು ಕರೆದುಕೊಂಡು ದಕ್ಷಿಣ ಕೊರಿಯಾಕ್ಕೆ ಹೋದೆ. ಮೈಸೂರಿನಲ್ಲಿ ಆಗ ಶ್ರಾವಣದ ಜಿಟಿಜಿಟಿ ಮಳೆ, ಬೆಳಗಿನ ಹೊತ್ತು ಹೊದಿಕೆ ಬೇಕೆನ್ನಿಸುವ ತಂಪು. ಸೋಲ್ ನಗರದಲ್ಲಿ ಇಳಿದಾಗ ರಾತ್ರಿ ಹತ್ತು ಗಂಟೆಯಾಗಿದ್ದರೂ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಳ್ಳುತ್ತಿತ್ತು. ರಾತ್ರಿಯ ಉಷ್ಣಾಂಶ 25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಅಲ್ಲಿನವರು ಅದನ್ನು ಉಷ್ಣವಲಯದ ರಾತ್ರಿ ಎಂದು ಲೆಕ್ಕ ಹಿಡಿಯುತ್ತಾರೆ. ಆ ಬೇಸಿಗೆಯಲ್ಲಿ ಸೋಲ್‌ಗೆ ಅಂತಹ ರಾತ್ರಿಗಳು ಒಂದರ ಹಿಂದೆ ಒಂದರಂತೆ 34 ಬಂದವು. ಅಷ್ಟು ದೀರ್ಘವಾದ ಸರಣಿ ಅಲ್ಲಿ ಹಿಂದೆಂದೂ ದಾಖಲಾಗಿರಲಿಲ್ಲ. ನಾವು ಹೋಗಿ ಸೇರಿದ್ದು ಅದರ ನಟ್ಟನಡುವೆ.

ಸೆಖೆಗಿಂತ ನನಗೆ ಹೆಚ್ಚು ಚಿಂತೆಯಾಗಿದ್ದುದು ಅಮ್ಮನ ಊಟದ್ದು. ಅವಳು ಮೊಟ್ಟೆಯನ್ನೂ ಮುಟ್ಟದವಳು. ಕೊರಿಯಾದಲ್ಲಿ ನೋಡುವುದಕ್ಕೆ ಬರೀ ಸೊಪ್ಪು ತರಕಾರಿಯಂತೆ ಕಾಣುವ ಅಡುಗೆಯಲ್ಲಿಯೂ ಒಣಮೀನಿನ ಸಾರು ಇರುತ್ತದೆ. ಖಾರ ಹಾಕಿ ಹುದುಗಿಸಿದ ತರಕಾರಿಯಾದ ಕಿಮ್ಚಿಯಲ್ಲಿ ಮೀನಿನ ರಸವೋ ಉಪ್ಪುಹಾಕಿದ ಸೀಗಡಿಯೋ ಸೇರಿರುವುದೇ ಹೆಚ್ಚು. ಮೊದಲ ಎರಡು ದಿನ ಅವಳು ಬಿಳಿ ಅನ್ನಕ್ಕೆ ಮನೆಯಿಂದ ತಂದ ಚಟ್ನಿಪುಡಿ ಕಲಸಿಕೊಂಡು, ಬಾಳೆಹಣ್ಣು ತಿಂದು, ದೂರಿನ ಮಾತೊಂದನ್ನೂ ಆಡದೆ ಕಳೆದಳು. ಅವಳು ಸುಮ್ಮನಿದ್ದಷ್ಟೂ ನನಗೆ ಸಂಕಟವಾಗುತ್ತಿತ್ತು. ಮೂರನೆಯ ದಿನ, ಅಲ್ಲಿಯೇ ಓದುತ್ತಿರುವ ಅಕ್ಕನ ಮಗಳು, "ಅಜ್ಜಿಗೆ ಬಿಂಗ್ಸು ಕೊಡಿಸೋಣ" ಎಂದಳು. ಆಮೇಲಿನ ಹತ್ತು ದಿನ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ನಮಗೆ ನಿರ್ಧರಿಸಿಕೊಟ್ಟದ್ದು ಈ ಒಂದು ತಿನಿಸು.

ಬಿಂಗ್ ಎಂದರೆ ಮಂಜುಗಡ್ಡೆ, ಸು ಎಂದರೆ ನೀರು. ನುಣ್ಣಗೆ ಹೆರೆದ ಮಂಜಿನ ಮೇಲೆ ಪಾತ್ ಎಂಬ ಸಣ್ಣ ಕೆಂಪು ಕಾಳನ್ನು ಸಿಹಿಯಾಗಿ ಬೇಯಿಸಿ ಹಾಕಿದರೆ ಅದು ಪಾತ್‌ಬಿಂಗ್ಸು. ಉಳಿದೆಲ್ಲ ಬಗೆಗಳು ಅದರಿಂದ ಕವಲೊಡೆದು ಬಂದವು. ನಾವು ಮೊದಲು ಹೋದದ್ದು ಸುಲ್‌ಬಿಂಗ್ ಎಂಬ ಅಂಗಡಿಗೆ. 2013ರಲ್ಲಿ ಬೂಸಾನ್ ನಗರದಲ್ಲಿ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ದೇಶದ ತುಂಬ ಹಬ್ಬಿದ ಮಳಿಗೆಗಳ ಸಾಲು ಅದು. ಅವರ ಹೆಸರುವಾಸಿ ತಿನಿಸು ಇನ್‌ಜೊಲ್ಮಿ ಬಿಂಗ್ಸು. ಬೇಯಿಸಿ ಕುಟ್ಟಿದ ಅಂಟಕ್ಕಿಯ ಮೆತ್ತನೆಯ ತುಂಡುಗಳನ್ನು ಹುರಿದ ಸೋಯಾ ಕಾಳಿನ ಪುಡಿಯಲ್ಲಿ ಹೊರಳಿಸಿದರೆ ಇನ್‌ಜೊಲ್ಮಿಯಾಗುತ್ತದೆ. ಆ ತುಂಡುಗಳನ್ನೂ ಆ ಪುಡಿಯನ್ನೂ ಹಾಲಿನ ಮಂಜಿನ ಗುಡ್ಡೆಯ ಮೇಲೆ ಧಾರಾಳವಾಗಿ ಸುರಿದು, ಬಾದಾಮಿಯ ಚೂರುಗಳನ್ನು ಉದುರಿಸಿ ಕೊಡುತ್ತಾರೆ. ಅಮ್ಮ ಚಮಚದ ತುದಿಯಲ್ಲಿ ಒಂದಿಷ್ಟು ಪುಡಿ ತೆಗೆದು ನಾಲಿಗೆಗಿಟ್ಟುಕೊಂಡು, ಕಣ್ಣರಳಿಸಿ, "ಇದು ನಮ್ಮ ಹುರಿಹಿಟ್ಟಲ್ಲವೇ!" ಎಂದಳು. ಮೂರು ದಿನಗಳಲ್ಲಿ ಅವಳ ಮುಖದಲ್ಲಿ ನಾನು ಕಂಡ ಮೊದಲ ಗೆಲುವು ಅದು.

ಆದರೆ ಬಟ್ಟಲು ಬಂದದ್ದು ಒಂದೇ, ಚಮಚಗಳು ಮೂರು. ಬಿಂಗ್ಸುವನ್ನು ಅಲ್ಲಿ ಸಾಮಾನ್ಯವಾಗಿ ಹಾಗೆಯೇ ತಿನ್ನುತ್ತಾರೆ. ಗೆಳೆಯರು, ದಂಪತಿಗಳು, ತಾಯಿ ಮಕ್ಕಳು ಒಂದೇ ಗುಡ್ಡೆಗೆ ನಾಲ್ಕೂ ಕಡೆಯಿಂದ ಚಮಚ ಹಾಕುತ್ತಾರೆ. ಎಂಜಲಿನ ವಿಷಯದಲ್ಲಿ ಅಮ್ಮ ಎಷ್ಟು ಕಟ್ಟುನಿಟ್ಟೆಂದರೆ, ನಾವು ಮಕ್ಕಳಾಗಿದ್ದಾಗಲೂ ಒಬ್ಬರು ಕಚ್ಚಿದ ಸೀಬೆಕಾಯಿಯನ್ನು ಇನ್ನೊಬ್ಬರು ಕಚ್ಚಲು ಬಿಟ್ಟವಳಲ್ಲ. ಅವಳು ಬೇರೆ ತಟ್ಟೆ ಬೇಕೆಂದಳು. ಅಂಗಡಿಯ ಹುಡುಗಿ ನಗುನಗುತ್ತಲೇ ಸಣ್ಣ ತಟ್ಟೆಯೊಂದನ್ನು ತಂದುಕೊಟ್ಟಳು. ಅಮ್ಮ ತನ್ನ ಪಾಲನ್ನು ಅದಕ್ಕೆ ಬಡಿಸಿಕೊಂಡು ತಿನ್ನತೊಡಗಿದಳು, ಆದರೆ ಅರ್ಧ ತಿನ್ನುವುದರೊಳಗೆ ತಟ್ಟೆಯಲ್ಲಿ ಉಳಿದದ್ದು ಸಿಹಿ ಹಾಲು ಮಾತ್ರ. ದೊಡ್ಡ ಗುಡ್ಡೆಯಾಗಿ ಒತ್ತಾಗಿದ್ದಾಗ ಮಂಜು ತನ್ನ ತಂಪನ್ನು ತಾನೇ ಕಾಪಾಡಿಕೊಳ್ಳುತ್ತದೆ, ಹರಡಿದ ಕೂಡಲೇ ಕರಗುತ್ತದೆ. ಹಾಲಿನ ಮಂಜಂತೂ ಇನ್ನೂ ಸೂಕ್ಷ್ಮ. ಮಂದಗೊಳಿಸಿದ ಸಿಹಿ ಹಾಲು ಬೆರೆಸಿದ ಹಾಲನ್ನು ಬಹಳ ತಣ್ಣಗಿನ ಉರುಳೆಯ ಮೇಲೆ ತೆಳುವಾಗಿ ಹರಿಸಿ, ಹೆಪ್ಪುಗಟ್ಟಿದ ಕ್ಷಣದಲ್ಲೇ ಅಲಗಿನಿಂದ ಹೆರೆದು ತೆಗೆಯುತ್ತಾರೆ. ಹಾಲಿನ ಕೊಬ್ಬು ಮತ್ತು ಸಕ್ಕರೆಗಳು ದೊಡ್ಡ ಹರಳುಗಳು ಕಟ್ಟಲು ಬಿಡುವುದಿಲ್ಲವಾದ್ದರಿಂದ ಅದು ಹಲ್ಲಿಗೆ ಸಿಗದೆ ನಾಲಿಗೆಯ ಮೇಲೆಯೇ ಇಲ್ಲವಾಗುತ್ತದೆ. ಕೊರಿಯನ್ನರು ಅದಕ್ಕೆ ಹಿಮದ ಹೂವೆಂಬ ಹೆಸರಿಟ್ಟಿದ್ದಾರೆ.

ಮರುದಿನ ನಾವು ಸೋಬಿಂಗ್ಗೊ ಎಂಬ ರೈಲು ನಿಲ್ದಾಣದಲ್ಲಿ ಇಳಿದೆವು. ಅಲ್ಲಿ ಪ್ರವಾಸಿಗರು ನೋಡುವಂಥದ್ದು ಹೆಚ್ಚೇನೂ ಇಲ್ಲ. ಎತ್ತರದ ವಸತಿ ಕಟ್ಟಡಗಳು, ಹಾನ್ ನದಿಯ ದಡದ ಗಜಿಬಿಜಿ ರಸ್ತೆ, ಹಿಂದೆ ಇಲ್ಲೊಂದು ಮಂಜಿನ ಉಗ್ರಾಣವಿತ್ತೆಂದು ತಿಳಿಸುವ ಒಂದು ಗುರುತಿನ ಕಲ್ಲು, ಇಷ್ಟೇ. ಆದರೂ ಇಲ್ಲಿಗೆ ಬರಬೇಕೆಂದು ಹಟ ಹಿಡಿದವಳು ನಾನು, ಏಕೆಂದರೆ ಆ ಊರಿನ ಹೆಸರಿನಲ್ಲಿಯೇ ಬಿಂಗ್ ಇದೆ. ಸೋಬಿಂಗ್ಗೊ ಎಂದರೆ ಪಶ್ಚಿಮದ ಮಂಜಿನ ಉಗ್ರಾಣ. ಹಿಂದೆ ಕೊರಿಯಾವನ್ನು ಆಳಿದ ಜೋಸನ್ ವಂಶದ ಅರಸರ ಕಾಲದಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹಾನ್ ನದಿಯಿಂದ ಮಂಜಿನ ಇಟ್ಟಿಗೆಗಳನ್ನು ಕೊಯ್ದು ತಂದು, ಹುಲ್ಲು ಮತ್ತು ಜೊಂಡು ಹೊದಿಸಿ ಬೇಸಿಗೆಯವರೆಗೆ ಇಲ್ಲಿ ಕಾಪಿಡುತ್ತಿದ್ದರು. ಪೂರ್ವದ ಉಗ್ರಾಣದ ಮಂಜು ರಾಜಮನೆತನದ ಪಿತೃಪೂಜೆಗೆ ಮೀಸಲು. ಪಶ್ಚಿಮದ್ದು ಅರಮನೆಯ ಅಡುಗೆಗೂ ಅಧಿಕಾರಿಗಳ ಪಾಲಿಗೂ ಹೋಗುತ್ತಿತ್ತು. ಬೇಸಿಗೆಯಲ್ಲಿ ಅರಸನಿಂದ ಮಂಜು ಪಡೆಯುವುದು ಒಂದು ಪದವಿಯ ಗುರುತಾಗಿತ್ತು. ಆ ಮಂಜನ್ನು ಕೊಯ್ದು ಹೊತ್ತವರು ಮಾತ್ರ ಬೇರೆ ಜನ: ನದಿಯ ದಡದ ಹಳ್ಳಿಗಳ ಬಡವರು, ಕೊರೆಯುವ ಚಳಿಯಲ್ಲಿ, ಬಿಟ್ಟಿ ದುಡಿಮೆಯ ಕಟ್ಟಳೆಗೆ ಸಿಕ್ಕಿಬಿದ್ದವರು. ಈ ಸಂಗತಿಯನ್ನು ಅಕ್ಕನ ಮಗಳು ಹೇಳುತ್ತಿದ್ದಾಗ ಅಮ್ಮ ಆ ಕಲ್ಲಿನ ಮುಂದೆ ತುಸು ಹೊತ್ತು ನಿಂತೇ ಇದ್ದಳು.

ಸೋಲ್‌ನಲ್ಲಿ ಬಹಳ ಜನ ಮಾತನಾಡಿಕೊಳ್ಳುವ ಇನ್ನೊಂದು ಬಿಂಗ್ಸು ಇದೆ. ಶಿಲ್ಲಾ ಹೋಟೆಲಿನಲ್ಲಿ ಜೇಜು ದ್ವೀಪದ ಮಾವಿನಹಣ್ಣನ್ನು ಹಾಕಿ ಮಾಡುವ ಅದರ ಬೆಲೆ ಆ ವರ್ಷ 1,02,000 ವಾನ್ ಆಗಿತ್ತು. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗಿಂತ ಹೆಚ್ಚು. ಗಾಜಿನ ಮನೆಯಲ್ಲಿ ಬೆಳೆಸಿದ ಹಣ್ಣು ಅಲ್ಲಿ ಅಷ್ಟು ಅಪರೂಪ. ರಸಪುರಿ, ಬಾದಾಮಿ ಹಣ್ಣುಗಳನ್ನು ಮಂಕರಿಗಟ್ಟಲೆ ತಿಂದು ಬೆಳೆದ ನಾವು ಅದನ್ನು ಅವರಿಗೇ ಬಿಟ್ಟು ಜೋಂಜು ನಗರದ ರೈಲು ಹತ್ತಿದೆವು.

ಜೋಂಜುವಿನ ಹಳೆಯ ಬಡಾವಣೆಯಲ್ಲಿ ಬಾಗಿದ ಹೆಂಚಿನ ಸೂರಿನ 700ಕ್ಕೂ ಹೆಚ್ಚು ಸಾಂಪ್ರದಾಯಿಕ ಮನೆಗಳಿವೆ. ನಡುಮಧ್ಯಾಹ್ನ ಅಲ್ಲಿನ ಕಲ್ಲುಹಾಸಿನ ಬೀದಿಗಳು ಕಾದ ಕಾವಲಿಯಂತಿದ್ದವು. ಬಾಡಿಗೆಯ ರೇಷ್ಮೆಯುಡುಗೆ ತೊಟ್ಟ ಹುಡುಗಿಯರು ಬೀಸಣಿಗೆ ಆಡಿಸುತ್ತ ಸೂರಿನ ನೆರಳನ್ನೇ ಹಿಡಿದು ನಡೆಯುತ್ತಿದ್ದರು. ಇಲ್ಲಿ ಹೆಸರಾದದ್ದು ಕರಿಎಳ್ಳಿನ ಬಿಂಗ್ಸು. ಹೆಸರಿನಲ್ಲಿಯೇ ಅಜ್ಜಿಯ ಕೈರುಚಿಯೆಂಬ ಅರ್ಥವಿರುವ ಅಂಗಡಿಯೊಂದರಲ್ಲಿ ಸಾಲು ನಿಂತು ಒಳಹೊಕ್ಕೆವು. ಹಿತ್ತಾಳೆಯ ಬಟ್ಟಲಿನಲ್ಲಿ ಮಂಜು, ಅದನ್ನು ಪೂರ್ತಿಯಾಗಿ ಮುಚ್ಚುವಷ್ಟು ಕರಿಎಳ್ಳಿನ ಪುಡಿ, ನಡುವೆ ಕೆಂಪುಕಾಳಿನ ಒಂದು ದೊಡ್ಡ ಹಿಡಿ, ಅದರ ಮೇಲೆ ಎರಡು ಅಂಟಕ್ಕಿಯ ತುಂಡು. ಹುರಿದ ಎಳ್ಳಿನ ಪರಿಮಳ ತಣ್ಣಗಿನ ಮಂಜಿನಿಂದ ಮೇಲೇಳುವುದು ನನಗೆ ಹೊಸ ಅನುಭವ. ನಮ್ಮಲ್ಲಿ ಎಳ್ಳು ಎಂದರೆ ಚಳಿಗಾಲ, ಸಂಕ್ರಾಂತಿ, ಬೆಲ್ಲ ಹಾಕಿ ಕುಟ್ಟಿದ ಚಿಗಳಿ; ಮೈಗೆ ಕಾವು ಕೊಡುವ ಪದಾರ್ಥ. ಅದನ್ನೇ ಸುಡುಬೇಸಿಗೆಯಲ್ಲಿ ಮಂಜಿನೊಂದಿಗೆ ಸೇರಿಸಿದ್ದಾರೆ, ಮತ್ತು ಅದು ಎಲ್ಲಿಯೂ ಅಸಂಗತವೆನಿಸುವುದಿಲ್ಲ. ಎಳ್ಳಿನ ಸಣ್ಣ ಕಹಿ ಸಿಹಿಯನ್ನು ಹದದಲ್ಲಿ ಹಿಡಿದಿಡುತ್ತದೆ. ಇಡೀ ಪ್ರಯಾಣದಲ್ಲಿ ತಿಂದ ಬಿಂಗ್ಸುಗಳಲ್ಲಿ ರುಚಿಯೊಂದನ್ನೇ ನೋಡುವುದಾದರೆ ನಾನು ಇದನ್ನೇ ಮೊದಲು ಇಡುತ್ತೇನೆ.

ಕೆಂಪುಕಾಳನ್ನು ನಾನು ಗಮನಕೊಟ್ಟು ತಿಂದದ್ದೂ ಇಲ್ಲಿಯೇ. ಅದು ನಮ್ಮ ಹೋಳಿಗೆಯ ಹೂರಣದ ದಾಯಾದಿ, ಆದರೆ ಹೂರಣದಂತೆ ನುಣ್ಣಗೆ ರುಬ್ಬಿದ್ದಲ್ಲ. ಕಾಳು ಕಾಳಾಗಿ ಉಳಿದು, ಒತ್ತಿದರೆ ಬೆಣ್ಣೆಯಂತೆ ಒಡೆಯಬೇಕು. ಮೊದಲ ಕುದಿಯ ನೀರನ್ನು ಚೆಲ್ಲಿಬಿಡುತ್ತಾರೆ, ಒಗರು ಅದರೊಂದಿಗೆ ಹೋಗುತ್ತದೆ. ಹೊಸ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿ, ಕಾಳು ಪೂರ್ತಿ ಮೆತ್ತಗಾದ ಮೇಲಷ್ಟೇ ಸಕ್ಕರೆ, ಕೊನೆಗೆ ಚಿಟಿಕೆ ಉಪ್ಪು. ಸಕ್ಕರೆ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಬೇಳೆ ಬೇಯುವ ಮೊದಲು ಬೆಲ್ಲ ಹಾಕಬಾರದೆಂದು ಅಮ್ಮ ನನಗೆ ಕಲಿಸಿದ ಪಾಠವೂ ಇದೇ. ಇದೇ ಕಾಳಿನಿಂದ ಡಿಸೆಂಬರ್ ತಿಂಗಳಿನಲ್ಲಿ, ವರ್ಷದ ಅತಿ ದೀರ್ಘ ರಾತ್ರಿಯ ದಿನ, ಅಲ್ಲಿ ಮನೆಮನೆಯಲ್ಲಿ ಗಂಜಿ ಮಾಡುತ್ತಾರೆ. ಅದರ ಕೆಂಪು ಬಣ್ಣ ದುಷ್ಟಶಕ್ತಿಗಳನ್ನು ಓಡಿಸುತ್ತದೆಂಬುದು ಹಳೆಯ ನಂಬಿಕೆ. ಇದನ್ನು ಕೇಳಿ ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರಿನಿಂದ ಎಷ್ಟೋ ಮದುಮಕ್ಕಳಿಗೂ ಬಾಣಂತಿಯರಿಗೂ ದೃಷ್ಟಿ ನಿವಾಳಿಸಿದವಳು ಅವಳು.

ಒಂದು ಎಚ್ಚರಿಕೆಯನ್ನು ಸಸ್ಯಾಹಾರಿಗಳು ಮರೆಯಬಾರದು. ಕೆಲವು ಅಂಗಡಿಗಳು ಬಿಂಗ್ಸುವಿನ ಮೇಲೆ ಬಣ್ಣಬಣ್ಣದ ಜೆಲ್ಲಿ ತುಂಡುಗಳನ್ನು ಹಾಕುತ್ತವೆ, ಅದರಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದು. "ಜೆಲ್ಲಿ ಪ್ಪೆ ಜುಸೆಯೊ", ಅಂದರೆ ಜೆಲ್ಲಿ ಬಿಟ್ಟು ಕೊಡಿ, ಎಂಬ ಮಾತನ್ನು ಅಮ್ಮ ಬಾಯಿಪಾಠ ಮಾಡಿಕೊಂಡು ತಾನೇ ಹೇಳತೊಡಗಿದ್ದಳು.

ಜೋಂಜುವಿನಿಂದ ಬಸ್ಸಿನಲ್ಲಿ ಬೂಸಾನ್ ತಲುಪಿದ ಮೇಲೆ ಒಂದು ದಿನವನ್ನು ಗ್ಯೋಂಗ್ಜುವಿಗಾಗಿ ಇಟ್ಟುಕೊಂಡಿದ್ದೆವು. ಹೆಚ್ಚುಕಡಿಮೆ ಸಾವಿರ ವರ್ಷ ಸಿಲ್ಲಾ ರಾಜ್ಯದ ರಾಜಧಾನಿಯಾಗಿದ್ದ ಊರು ಅದು. ಅರಸರ ಗೋರಿಗಳ ಹಸಿರು ದಿಬ್ಬಗಳನ್ನೂ ಕಮಲ ಅರಳಿದ ಕೊಳಗಳನ್ನೂ ಬಿಸಿಲಿನಲ್ಲಿ ಬೇಗಬೇಗ ದಾಟಿ, ಹಳೆಯ ಕೋಟೆಯ ದಿಣ್ಣೆಯ ಮೇಲಿರುವ ಸೋಕ್‌ಬಿಂಗ್ಗೊ, ಅಂದರೆ ಕಲ್ಲಿನ ಮಂಜುಮನೆ, ಇರುವಲ್ಲಿಗೆ ಹೋದೆವು. ಸಿಲ್ಲಾದ ಅರಸ ಜಿಜುಂಗ್ 505ರಲ್ಲಿ ಮಂಜನ್ನು ಕೂಡಿಡಲು ಆಜ್ಞೆ ಮಾಡಿದನೆಂದು ಆ ನಾಡಿನ ಹಳೆಯ ಚರಿತ್ರೆಯಲ್ಲಿ ಬರೆದಿದೆ. ಆದರೆ ಈಗ ನಿಂತಿರುವ ಕಟ್ಟಡ ಅಷ್ಟು ಪುರಾತನವಲ್ಲ. ಅದನ್ನು ಕಟ್ಟಿದ್ದು 1738ರಲ್ಲಿ, ಜೋಸನ್ ಅರಸ ಯೋಂಗ್ಜೊನ ಕಾಲದಲ್ಲಿ. ಕೆಲವೇ ವರ್ಷಗಳ ನಂತರ ಈಗಿರುವ ಜಾಗಕ್ಕೆ ಬದಲಾಯಿಸಿದರು. ಹೊರಗಿನಿಂದ ನೋಡಿದರೆ ಹುಲ್ಲು ಬೆಳೆದ ಒಂದು ಗುಡ್ಡೆ, ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಬಾಗಿಲು. ಒಳಗೆ ಕಣಶಿಲೆಯ ಕಮಾನುಗಳು ಸಾಲಾಗಿ ನಿಂತಿವೆ. ನೆಲ ಇಳಿಜಾರಾಗಿದ್ದು ನಡುವೆ ತೋಡಿದ ಕಾಲುವೆಯಿಂದ ಕರಗಿದ ನೀರು ಹೊರಗೆ ಹರಿದುಹೋಗುತ್ತಿತ್ತು. ನೀರು ನಿಂತರೆ ಉಳಿದ ಮಂಜೂ ಬೇಗ ಕರಗುತ್ತದಲ್ಲ. ಬಿಸಿಗಾಳಿ ಮೇಲೇರಿ ಸೂರಿನ ಕಿಂಡಿಗಳಿಂದ ಹೊರಬೀಳುತ್ತದೆ. ಮೇಲಿನ ಮಣ್ಣು ಮತ್ತು ಹುಲ್ಲು ಬಿಸಿಲನ್ನು ತಡೆಯುತ್ತವೆ.

ಬಾಗಿಲಿಗೆ ಕಬ್ಬಿಣದ ಸರಳುಗಳನ್ನು ಹಾಕಿದ್ದಾರೆ, ಒಳಗೆ ಬಿಡುವುದಿಲ್ಲ. ಅಮ್ಮ ಸರಳುಗಳ ಹತ್ತಿರ ಮುಖವಿಟ್ಟು, "ಬಾ, ಇಲ್ಲಿ ನಿಂತುಕೋ" ಎಂದು ನನ್ನನ್ನು ಕರೆದಳು. ಒಳಗಿನ ಕತ್ತಲಿನಿಂದ ತೇವದ, ತಂಪಾದ ಉಸಿರೊಂದು ಮುಖಕ್ಕೆ ಬಡಿಯುತ್ತಿತ್ತು. ತನ್ನ ತವರಿನಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವಿನ ಬಾಯಿ ತೆರೆದಾಗ ಹೀಗೆಯೇ ಇರುತ್ತಿತ್ತೆಂದು ಅವಳು ಹೇಳಿದಳು. ಎಷ್ಟೋ ಹೊತ್ತು ನಾವು ಮೂವರೂ ಅಲ್ಲಿಂದ ಕದಲಲಿಲ್ಲ.

ಆ ಸಂಜೆ ಬೂಸಾನ್‌ಗೆ ಮರಳಿ ಗುಕ್‌ಜೆ ಮಾರುಕಟ್ಟೆಗೆ ಹೋದೆವು. 1950ರಿಂದ 1953ರವರೆಗಿನ ಯುದ್ಧದಲ್ಲಿ ಮನೆಮಠ ಕಳೆದುಕೊಂಡು ದಕ್ಷಿಣದ ಈ ಬಂದರಿಗೆ ಬಂದು ಸೇರಿದ ನಿರಾಶ್ರಿತರ ವ್ಯಾಪಾರದಿಂದ ಬೆಳೆದ ಪೇಟೆ ಅದು. ಅಲ್ಲಿನ ಇಕ್ಕಟ್ಟಾದ ಓಣಿಯೊಂದರಲ್ಲಿ ವಯಸ್ಸಾದ ಹೆಂಗಸರು ಪುಟ್ಟ ಪುಟ್ಟ ಗಾಡಿಗಳನ್ನಿಟ್ಟುಕೊಂಡು ಪಾತ್‌ಬಿಂಗ್ಸು ಮಾರುತ್ತಾರೆ. ನಾವು ಕುಳಿತ ಗಾಡಿಯ ಅಜ್ಜಿಯ ಬಳಿ ಬಣ್ಣ ಮಾಸಿದ ಕಬ್ಬಿಣದ ಕೈಯಂತ್ರವಿತ್ತು. ಮಂಜಿನ ಗಡ್ಡೆಯನ್ನು ಅದರ ಹಲ್ಲುಗಳಿಗೆ ಸಿಕ್ಕಿಸಿ ಪಕ್ಕದ ಚಕ್ರ ತಿರುಗಿಸಿದರೆ ಕರಕರನೆ ಸದ್ದಾಗುತ್ತ ಕೆಳಗಿನ ಬಟ್ಟಲಿಗೆ ಮಂಜು ಉದುರುತ್ತದೆ. ನಮ್ಮೂರ ಜಾತ್ರೆಯಲ್ಲಿ ಕಡ್ಡಿಗೆ ಮಂಜು ಅಮುಕಿ ಕೆಂಪು ಷರಬತ್ತು ಹಾಕಿ ಕೊಡುತ್ತಿದ್ದವನ ಯಂತ್ರದ ಸದ್ದೂ ಇದೇ. ಇಲ್ಲಿ ಹಾಲಿನ ಮಂಜಿಲ್ಲ, ಬರೀ ನೀರಿನದು. ತುಸು ಒರಟು, ಹಲ್ಲಿಗೆ ಸಿಗುವಂಥದ್ದು. ಮೇಲೆ ಡಬ್ಬಿಯ ಹಣ್ಣಿನ ಚೂರು, ಮಂದ ಹಾಲು, ಮತ್ತು ಬಟ್ಟಲಿನ ಅಂಚು ಮೀರುವಷ್ಟು ಕೆಂಪುಕಾಳು. ಬೆಲೆ ಸೋಲ್‌ನ ಹೋಟೆಲಿನದಕ್ಕೆ ಹೋಲಿಸಿದರೆ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಹಾಲಿನ ಮಂಜು ಎಷ್ಟೇ ನಯವಾಗಿರಲಿ, ಕೆಂಪುಕಾಳಿಗೆ ಸರಿಯಾದ ಜೋಡಿ ಈ ಒರಟು ನೀರುಮಂಜೇ ಎಂಬುದು ನನ್ನ ಅನಿಸಿಕೆ. ಹಾಲು ತನ್ನದೇ ರುಚಿಯನ್ನು ಮುಂದೆ ಮಾಡುತ್ತದೆ, ನೀರು ಕಾಳಿಗೆ ದಾರಿ ಬಿಡುತ್ತದೆ. ಅದನ್ನು ಕಲಸಿ ತಿನ್ನಬೇಕೋ, ಕಲಸದೆ ಅಂಚಿನಿಂದ ತೋಡುತ್ತ ಹೋಗಬೇಕೋ ಎಂಬ ವಾದ ಕೊರಿಯನ್ನರಲ್ಲಿ ಇದೆಯೆಂದು ಅಕ್ಕನ ಮಗಳು ಹೇಳಿದ್ದಳು. ನೀರುಮಂಜನ್ನು ಕಲಸಿಯೇ ತಿನ್ನಬೇಕೆಂದು ಗಾಡಿಯ ಅಜ್ಜಿ ಕೈಸನ್ನೆಯಲ್ಲಿ ತೋರಿಸಿ, ತಾನೇ ಚಮಚ ತೆಗೆದುಕೊಂಡು ಬಟ್ಟಲಿನ ತಳದಿಂದ ಎರಡು ಸುತ್ತು ತಿರುವಿಕೊಟ್ಟಳು.

ಆ ಗಾಡಿಯಲ್ಲಿ ಬೇರೆ ತಟ್ಟೆ ಇರಲಿಲ್ಲ. ಅಮ್ಮನಿಗೊಂದು ಬೇರೆ ಬಟ್ಟಲನ್ನೇ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚಮಚವನ್ನು ಕೈಗೆತ್ತಿಕೊಂಡು, ಮೊಮ್ಮಗಳು ತೋಡಿದ್ದ ಗುಳಿಯ ಪಕ್ಕದಲ್ಲಿಯೇ ಇಳಿಸಿದಳು. "ಬೇಗ ತಿನ್ನಿರಿ, ಕರಗಿಹೋಗುತ್ತದೆ" ಎಂದಳು. ಗಾಡಿಯ ಅಜ್ಜಿ ನಮ್ಮ ಬಟ್ಟಲಿನತ್ತ ಒಮ್ಮೆ ನೋಡಿ, ಕೇಳದೆಯೇ ಇನ್ನೊಂದು ಸೌಟು ಕೆಂಪುಕಾಳನ್ನು ಅದರ ಮೇಲೆ ಹಾಕಿದಳು.